ಹಳೇ ರೈನ್‌ಕೋಟಿನ ಬಾಕಿ

ಕಳೆದ ಆಷಾಢದಲ್ಲಿ ನನ್ನ ರೈನ್‌ಕೋಟಿಗೆ ತೂತು ಬಿತ್ತು. ಎಲ್ಲಿ ಬಿತ್ತು ಅಂತ ಮಾತ್ರ ಕೇಳಬೇಡಿ. ಸ್ಕೂಟರಿನಲ್ಲಿ ಹತ್ತು ನಿಮಿಷ ಮಳೆಯಲ್ಲಿ ಹೋಗಿ ಇಳಿದರೆ, ಹಿಂದಿನಿಂದ ನೋಡಿದವರು ಬೇರೇನೋ ಅರ್ಥ ಮಾಡಿಕೊಳ್ಳುವಂಥ ಜಾಗ ಅದು. ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಒದ್ದೆಯಾಗುವುದಕ್ಕೆ ಯಾರೂ ನಾಚುವುದಿಲ್ಲ. ಆದರೆ ಮೈಯೆಲ್ಲ ಒಣಗಿದ್ದು ಅದೊಂದು ಕಡೆ ಮಾತ್ರ ಒದ್ದೆಯಾದರೆ ಮರ್ಯಾದೆಯ ಪ್ರಶ್ನೆ.

ಹೊಸದು ಕೊಂಡರಾಯಿತು ಅನ್ನುತ್ತೀರಿ. ಹಾಗೆ ಸುಲಭಕ್ಕೆ ಹೊಸದು ಕೊಳ್ಳುವ ಮನೆತನ ನಮ್ಮದಲ್ಲ. ತೂತು ಮುಚ್ಚುವ ಉಪಾಯ ಹುಡುಕೋಣವೆಂದು ಮೊಬೈಲಿನಲ್ಲಿ ಇಂಗ್ಲಿಷಿನಲ್ಲೇ ‘ಓಲ್ಡ್ ರೈನ್‌ಕೋಟ್’ ಎಂದು ಒತ್ತಿದೆ. ನನ್ನ ಹೆಬ್ಬೆರಳು ಅಡಿಕೆ ಸುಲಿಯುವುದಕ್ಕೆ ಹೇಳಿ ಮಾಡಿಸಿದ್ದು, ಮೊಬೈಲಿಗಲ್ಲ. ಒಂದನ್ನು ಒತ್ತಿದರೆ ನಾಲ್ಕು ಒತ್ತುತ್ತದೆ. ಅಂಟಿನ ಡಬ್ಬಿ ಕಾಣುವ ಬದಲು ಮೊಬೈಲು ಹಾಡತೊಡಗಿತು. ಗಿಟಾರಿನ ನಡುವೆ ಒಂದು ಗೊಗ್ಗರು ದನಿ. ಮರಳು ಕಾಗದ ಹಾಕಿ ಉಜ್ಜಿದಂತಿದ್ದರೂ ಅದರೊಳಗೆ ಎಲ್ಲೋ ಬೆಲ್ಲದ ಎಳೆ.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಯಾರ್ರೀ ಬಂದಿರೋದು? ಪಾಪ, ಗಂಟಲು ಪೂರ್ತಿ ಹೋಗಿದೆ. ಕೂರಿಸಿ, ಮೆಣಸಿನ ಕಷಾಯ ಇಡ್ತೀನಿ.”

ರಜಕ್ಕೆ ಬಂದಿದ್ದ ಮಗ ನಕ್ಕೂ ನಕ್ಕೂ ಸುಸ್ತಾಗಿ, “ಅಮ್ಮಾ, ಅದು ರಾಡ್ ಸ್ಟೀವರ್ಟ್. ಐವತ್ತು ವರ್ಷದಿಂದ ಅವರ ಗಂಟಲು ಹಾಗೇ ಇದೆ” ಅಂದ. ಹಾಡಿನ ಹೆಸರೇ ರೈನ್‌ಕೋಟಂತೆ. ಹಳೆಯ ರೈನ್‌ಕೋಟು ಯಾವತ್ತೂ ಕೈಬಿಡುವುದಿಲ್ಲ ಎಂಬರ್ಥದ ಉದ್ದ ಹೆಸರು. ಸೀಟಿನ ಮೇಲಿನ ಒದ್ದೆಯನ್ನು ಮುಟ್ಟಿ ನೋಡಿಕೊಂಡು, ಈ ಮನುಷ್ಯ ಸ್ಕೂಟರ್ ಓಡಿಸಿದವನಲ್ಲ ಎಂದು ತೀರ್ಮಾನಿಸಿದೆ.

ಆದರೂ ಕೋಟಿನ ನಂಟು ಬಿಡಲಿಲ್ಲ. ಮಗನ ಬೆನ್ನು ಹತ್ತಿ ಆ ಹಾಡಿದ್ದ ಪೂರ್ತಿ ಆಲ್ಬಮ್ಮನ್ನು ಕೇಳಿದೆ, ಅದರ ಚರಿತ್ರೆಯನ್ನೂ ಕೆದಕಿದೆ. ರಾಡ್ ಸ್ಟೀವರ್ಟನ ಮೊದಲ ಸ್ವಂತ ಆಲ್ಬಮ್ ಅದು. 1969ರ ಕೊನೆಯಲ್ಲಿ ಅಮೆರಿಕದಲ್ಲಿ ಬಂತು, 1970ರ ಆರಂಭದಲ್ಲಿ ಬ್ರಿಟನ್ನಿನಲ್ಲಿ. ಬ್ರಿಟನ್ನಿನಲ್ಲಿ ಅದರ ಹೆಸರು ಈ ರೈನ್‌ಕೋಟಿನದೇ. ಅಮೆರಿಕದವರು ಮಾತ್ರ ಕೋಟು ಕಳಚಿಟ್ಟು ‘ದಿ ರಾಡ್ ಸ್ಟೀವರ್ಟ್ ಆಲ್ಬಮ್’ ಎಂದು ನಾಮಕರಣ ಮಾಡಿದರು, ಎಮ್ಮೆಗೆ ಎಮ್ಮೆ ಎಂದೇ ಹೆಸರಿಟ್ಟ ಹಾಗೆ. ಮಳೆಯ ದೇಶದವರಿಗೆ ರೈನ್‌ಕೋಟಿನ ಮಹಿಮೆ ಗೊತ್ತು, ಉಳಿದವರಿಗೆ ವಿವರಿಸುವುದು ಕಷ್ಟ. ಬೆಂಗಳೂರಿನಿಂದ ಬಂದ ನೆಂಟರಿಗೆ ಕಂಬಳಿಕೊಪ್ಪೆ ಅಂದರೇನು ಅಂತ ಹೇಳಿ ನೋಡಿ, ಗೊತ್ತಾಗುತ್ತದೆ. ಹೆಸರು ಸರಳ ಮಾಡಿದ್ದರಿಂದ ಲಾಭವೇನೂ ಆದಂತಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 139ನೇ ಸ್ಥಾನದ ತನಕ. ನಮ್ಮ ಕ್ಲಾಸಿನಲ್ಲಿ ಅಷ್ಟು ಹುಡುಗರಿದ್ದಿದ್ದರೆ ನನ್ನ ರ‍್ಯಾಂಕೂ ಅಲ್ಲೇ ಎಲ್ಲೋ ಇರುತ್ತಿತ್ತು.

ಒಂದು ಮಾತು. ಸ್ಟೀವರ್ಟನನ್ನು ನಾನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಹುಟ್ಟಿದ್ದು 1945ರಲ್ಲಿ, ಲಂಡನ್ನಿನಲ್ಲಿ. ಆಲ್ಬಮ್ ಮಾಡುವಾಗ ಇಪ್ಪತ್ತನಾಲ್ಕರ ಹುಡುಗ, ನನ್ನ ಮಗನ ಪ್ರಾಯ. 2016ರಲ್ಲಿ ‘ಸರ್’ ಪದವಿ ಸಿಕ್ಕಿದೆ. ಆಮೇಲಿನ ಸಂಗತಿ ಬಂದಾಗ ಬಹುವಚನ ಕೊಡೋಣ.

ನನ್ನ ರೈನ್‌ಕೋಟಿನ ಚರಿತ್ರೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ನನ್ನದಲ್ಲ, ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಈಗ ನಾವಿರುವ ಬಾಡಿಗೆ ಮನೆಯಲ್ಲಿ ಮೊದಲು ಇದ್ದವರೂ ಅವರೇ. ವರ್ಗವಾಗಿ ಹುಬ್ಬಳ್ಳಿಗೆ ಹೊರಟಾಗ, ಅಲ್ಲಿ ಈ ಪಾಟಿ ಮಳೆಯಿಲ್ಲವೆಂದು ಕೋಟನ್ನು ಬಾಗಿಲ ಹಿಂದಿನ ಮೊಳೆಗೇ ಬಿಟ್ಟುಹೋದರು. ಭಾವ ಆಜಾನುಬಾಹು. ನಾನು ಹಾಕಿಕೊಂಡರೆ ತೋಳೊಳಗೆ ಕೈ ಹುಡುಕಿಕೊಳ್ಳಬೇಕು. ಮೊದಲ ಮಳೆಗಾಲದಲ್ಲೇ, ಕರೆಂಟಿಲ್ಲದ ಒಂದು ಸಂಜೆ, ಟೊಪ್ಪಿ ಎಳೆದುಕೊಂಡು ಮೂಲೆ ಅಂಗಡಿಗೆ ಬೆಂಕಿಪೊಟ್ಟಣ ತರಲು ಹೋದೆ. ದಪ್ಪ ಕನ್ನಡಕದ ಅಂಗಡಿಯಾತ ಲಾಟೀನಿನ ಬೆಳಕಿನಲ್ಲಿ ಕೋಟನ್ನು ನೋಡಿ, “ಬಂದ್ರಾ? ಊರು ಬಿಟ್ರಿ ಅಂದ್ರು. ಎಂಬತ್ತಾರು ರೂಪಾಯಿ ಬಾಕಿ ಹಾಗೇ ಉಳೀತಲ್ಲ” ಎಂದು ಪುಸ್ತಕ ತೆಗೆದೇಬಿಟ್ಟ. ನೋಡಿದರೆ ಸಾಲು ಸಾಲಾಗಿ ಸಿಗರೇಟು. ಮದುವೆಯ ಮರುವರ್ಷವೇ ಭಾವ ಸಿಗರೇಟು ಬಿಟ್ಟರೆಂದು ಅಕ್ಕ ಧರ್ಮಸ್ಥಳಕ್ಕೆ ಹೋಗಿ ಹರಕೆ ತೀರಿಸಿ ಬಂದವಳು. ಇಬ್ಬರ ಸಂಸಾರವೂ ನನ್ನ ಜೇಬಿನ ಮೇಲೆ ನಿಂತಿದೆ ಎನಿಸಿ ಎಂಬತ್ತಾರನ್ನೂ ಎಣಿಸಿಕೊಟ್ಟು ಬಂದೆ. ಎರವಲು ಕೋಟು ಹಾಕಿಕೊಂಡವನು ಕೋಟಿನ ಬಾಕಿಯನ್ನೂ ತೀರಿಸಬೇಕು.

ಎರವಲು ಅಂದೆನಲ್ಲ, ಈ ಆಲ್ಬಮ್ಮಿನಲ್ಲಿ ಇರುವುದು ಎಂಟು ಹಾಡು. ಸರಿಯಾಗಿ ನಾಲ್ಕು ಸ್ವಂತದ್ದು, ನಾಲ್ಕು ಬೇರೆಯವರದು. ಬೇರೆಯವರದ್ದನ್ನು ಹಾಡಿದರೆ ‘ಕವರ್’ ಅಂತಾರೆ ಅಂದ ಮಗ. ನನಗೆ ಗೊತ್ತಿದ್ದ ಕವರುಗಳು ಬೇರೆ. ಅಂಗಡಿಯಲ್ಲಿ ತರಕಾರಿ ಹಾಕಿಕೊಡುವುದು ಕವರು. ಜೂನಿನಲ್ಲಿ ಪಠ್ಯಪುಸ್ತಕಕ್ಕೆ ಗೋಂದು ಮೆತ್ತಿ ಹಾಕುವುದು ಕವರು. ಮದುವೆಮನೆಯಲ್ಲಿ ಒಂದು ರೂಪಾಯಿ ಅಂಟಿಸಿಕೊಂಡು ಬರುವ ಮುಯ್ಯಿಯದು ಕವರು.

“ಬೇರೆಯವರ ಹಾಡು ಹಾಡೋದಕ್ಕೂ ಒಂದು ಹೆಸರಾ? ನಮ್ಮಲ್ಲಿ ಅದಕ್ಕೆ ಹಾಡೋದು ಅಂತಲೇ ಹೇಳ್ತೀವಲ್ಲೋ” ಅಂದೆ.

ಮಗನ ಬಳಿ ಉತ್ತರವಿರಲಿಲ್ಲ. ಯೋಚಿಸಿ ನೋಡಿ. ಪುರಂದರದಾಸರ ಪದವನ್ನು ಭೀಮಸೇನ ಜೋಶಿ ಹಾಡಿದರು, ಎಂ.ಎಲ್. ವಸಂತಕುಮಾರಿ ಹಾಡಿದರು, ನಮ್ಮ ಬೀದಿಯ ಭಜನಾ ಮಂಡಳಿಯವರು ಈಗಲೂ ಪ್ರತಿ ಶನಿವಾರ ಹಾಡುತ್ತಾರೆ. ಯಾರೂ ‘ಕವರ್’ ಎಂದು ಹೇಳಿಕೊಂಡದ್ದಿಲ್ಲ. ಹಾಡು ಯಾರದೆಂಬ ಜಗಳವೇ ಹುಟ್ಟದಂತೆ ದಾಸರು ಕೊನೆಯಲ್ಲಿ ಅಂಕಿತ ಇಟ್ಟುಹೋಗಿದ್ದಾರೆ. ವಚನಕಾರರೂ ಅಷ್ಟೆ, ಶಿಶುನಾಳ ಶರೀಫರೂ ಅಷ್ಟೆ. ಸಿ. ಅಶ್ವತ್ಥ್ ಎದೆಬಿಚ್ಚಿ ಶರೀಫರನ್ನು ಹಾಡಿದಾಗ ಶರೀಫರ ಅಂಕಿತ ಹಾಡಿನೊಳಗಿಂದಲೇ ಕೇಳಿಬರುತ್ತಿತ್ತು. ಅಂಗಿಯ ಕಾಲರಿನ ಒಳಗೆ ಅಗಸರು ಹಾಕುವ ಗುರುತಿನ ಹಾಗೆ ಅದು. ಯಾರ ಮೈಮೇಲಿದ್ದರೂ ಮನೆ ಯಾವುದೆಂದು ತಿಳಿಯುತ್ತದೆ. ರಾಕ್ ಸಂಗೀತದವರಿಗೆ ಅಂಕಿತವಿಲ್ಲ. ಗ್ರಾಮಫೋನ್ ತಟ್ಟೆಯ ನಡುವಿನ ಚೀಟಿಯಲ್ಲಿ ಆವರಣ ಚಿಹ್ನೆಯೊಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದವರ ಹೆಸರಿರುತ್ತದೆ. ತಟ್ಟೆ ತಿರುಗುತ್ತಿರುವಾಗ ಅದನ್ನು ಓದಬೇಕಾದರೆ ಓದುವವನೂ ತಿರುಗಬೇಕು.

ಎಂಟು ಹಾಡನ್ನು ಜೋಡಿಸಿದ ಕ್ರಮವನ್ನೂ ನೋಡಿ. ಮೊದಲ ಬದಿಯಲ್ಲಿ ಎರಡು ಎರವಲು, ಒಂದು ಸ್ವಂತ, ಮತ್ತೊಂದು ಎರವಲು. ಎರಡನೇ ಬದಿಯಲ್ಲಿ ಸಾಲಾಗಿ ಮೂರು ಸ್ವಂತ, ಕೊನೆಗೊಂದು ಎರವಲು. ಬಾಗಿಲಲ್ಲಿ ಬರಮಾಡಿಕೊಳ್ಳುವುದೂ ಬೇರೆಯವರ ಹಾಡು, ಬೀಳ್ಕೊಡುವುದೂ ಬೇರೆಯವರ ಹಾಡು. ನೆಂಟರು ಬಂದಾಗ ಪಕ್ಕದ ಮನೆಯ ಕುರ್ಚಿ ತಂದು ಜಗುಲಿಯಲ್ಲಿ ಹಾಕಿ, ನಮ್ಮ ಮನೆಯ ಮೂರುಕಾಲಿನ ಸ್ಟೂಲನ್ನು ನಡುಮನೆಯಲ್ಲಿ ಇಡುವುದಿಲ್ಲವೇ, ಹಾಗೆ.

ಬಾಗಿಲಲ್ಲಿರುವ ಕುರ್ಚಿಯೇನೂ ಸಾಮಾನ್ಯದ್ದಲ್ಲ. ಅದು ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’. 1968ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಲಂಡನ್ನಿನಲ್ಲಿ ಜನ ಬೀದಿಗಿಳಿದಿದ್ದರು. ಆ ಗದ್ದಲದ ಬಿಸಿಯಲ್ಲಿ ಹುಟ್ಟಿದ ಹಾಡು. ಆ ತಂಡದ ಕೀತ್ ರಿಚರ್ಡ್ಸ್ ಅದರ ಗಿಟಾರನ್ನು ಒಂದು ಪುಟ್ಟ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಿಡಿದನಂತೆ. ಕರೆಂಟಿನ ಗಿಟಾರಿನಂತೆ ಅಬ್ಬರಿಸುವುದು ಅಸಲಿಗೆ ಸಾದಾ ಗಿಟಾರು. ಒಂದೇ ವರ್ಷ ಹಳೆಯ ಅಂಥ ಹಾಡನ್ನು ತನ್ನ ಮೊದಲ ಆಲ್ಬಮ್ಮಿನ ಮೊದಲ ಹಾಡಾಗಿ ಇಡುವುದೆಂದರೆ, ಗುರುಗಳು ಇನ್ನೂ ವೇದಿಕೆಯಲ್ಲಿ ಕೂತಿರುವಾಗಲೇ ಅವರ ಶಾಲು ಹೊದ್ದು ಎದ್ದುನಿಂತ ಹಾಗೆ. ಸ್ಟೀವರ್ಟ್ ಅದನ್ನು ನಿಧಾನ ಮಾಡಿದ. ಬೀದಿಯ ಮೆರವಣಿಗೆ ಮುಗಿದ ಮೇಲೆ ಒಬ್ಬನೇ ಚಪ್ಪಲಿ ಹುಡುಕುತ್ತ ಮನೆಗೆ ಹೋಗುವವನ ನಡಿಗೆ ಅದಕ್ಕೆ ಬಂತು. ಇದರಲ್ಲಿ ಗಿಟಾರ್ ಹಿಡಿದಿದ್ದ ಗೆಳೆಯ ರಾನ್ ವುಡ್, 1975ರಲ್ಲಿ ಸ್ಟೋನ್ಸ್ ಜೊತೆ ನುಡಿಸಲು ಹೋಗಿ ಮುಂದೆ ಆ ತಂಡದವನೇ ಆಗಿಬಿಟ್ಟ. ಎರವಲು ತಂದ ಕುರ್ಚಿಯ ಹಿಂದೆಯೇ ಮನೆಯ ಹುಡುಗನೂ ಪಕ್ಕದ ಮನೆ ಸೇರಿದ.

ಎರಡನೆಯದು ‘ಮ್ಯಾನ್ ಆಫ್ ಕಾನ್ಸ್‌ಟಂಟ್ ಸಾರೋ’. ಇದರ ಕತೆ ನನಗೆ ಬಲು ಇಷ್ಟ. ಅಮೆರಿಕದ ಕೆಂಟಕಿಯಲ್ಲಿ ಡಿಕ್ ಬರ್ನೆಟ್ ಎಂಬ ಹಾಡುಗಾರನಿದ್ದ. ದರೋಡೆಕಾರನ ಗುಂಡಿಗೆ ಕಣ್ಣು ಕಳೆದುಕೊಂಡು, ಹಾಡಿ ಹೊಟ್ಟೆ ಹೊರೆಯುತ್ತಿದ್ದವನು. 1913ರ ಸುಮಾರಿಗೆ ಅಚ್ಚಾದ ಅವನ ಪುಟ್ಟ ಹಾಡಿನ ಪುಸ್ತಕದಲ್ಲಿ ಈ ಹಾಡಿತ್ತು. ಮುಪ್ಪಿನಲ್ಲಿ ಯಾರೋ, ಇದನ್ನು ಕಟ್ಟಿದ್ದು ನೀನೇನಾ ಅಂತ ಕೇಳಿದರೆ ಮುದುಕನಿಗೇ ಖಾತ್ರಿಯಿಲ್ಲ. ಯಾರಿಂದಲೋ ಕಲಿತದ್ದೋ, ತಾನೇ ಕಟ್ಟಿದ್ದೋ, ಮರೆತುಹೋಗಿತ್ತು. ನಮ್ಮ ಮನೆಯ ಮಜ್ಜಿಗೆ ಹೆಪ್ಪಿನ ಹಾಗೆ. ಅಜ್ಜಿಯ ಕಾಲದಲ್ಲಿ ಯಾರದೋ ಮನೆಯಿಂದ ಒಂದು ಚಮಚ ಬಂತು, ದಿನಾ ಹೆಪ್ಪು ಹಾಕುತ್ತ ಬಂದೆವು, ಈಗ ಅದು ನಮ್ಮ ಮೊಸರು. ಬಾಬ್ ಡಿಲನ್ ಕೂಡ ಈ ಹಾಡನ್ನು 1962ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದ. ಮುಂದೆ ಹಾಡು ಕಟ್ಟಿದ್ದಕ್ಕೇ ನೊಬೆಲ್ ಪಡೆದ ಆ ಮಹಾಶಯನ ಮೊದಲ ಆಲ್ಬಮ್ಮಿನ ಹದಿಮೂರರಲ್ಲಿ ಸ್ವಂತ ಹಾಡು ಎಷ್ಟು ಗೊತ್ತೇ? ಎರಡು. ಆ ಲೆಕ್ಕದಲ್ಲಿ ಎಂಟಕ್ಕೆ ನಾಲ್ಕು ಕಟ್ಟಿದ ನಮ್ಮ ಹುಡುಗ ಮೊದಲ ದರ್ಜೆಯಲ್ಲಿ ಪಾಸು.

ಮೂರನೆಯ ಎರವಲು ‘ಹ್ಯಾಂಡ್‌ಬ್ಯಾಗ್ಸ್ ಅಂಡ್ ಗ್ಲ್ಯಾಡ್‌ರ‍್ಯಾಗ್ಸ್’. ಮೈಕ್ ಡಾಬೋ ಕಟ್ಟಿದ್ದು, ಕ್ರಿಸ್ ಫಾರ್ಲೋ 1967ರಲ್ಲೇ ಹಾಡಿದ್ದ. ಸ್ಟೀವರ್ಟ್ ಹಾಡುವಾಗ ಪಿಯಾನೋ ನುಡಿಸಲು ಕಟ್ಟಿದಾತನೇ ಬಂದು ಕೂತ. ಮೆರೆಯುವ ಹುಡುಗಿಯೊಬ್ಬಳಿಗೆ, ಈ ಬಟ್ಟೆಬರೆಯ ಹಿಂದೆ ಅಜ್ಜನ ಬೆವರಿದೆ ಎಂದು ನೆನಪಿಸುವ ಹಾಡು. ಇದೇ ಮಾತನ್ನು ನಾನು ನನ್ನ ಮಗಳಿಗೆ ಹಲವು ಸಲ ಹೇಳಿದ್ದೇನೆ. ಪಿಯಾನೋ ಇಲ್ಲದ್ದರಿಂದಲೋ ಏನೋ, ಪರಿಣಾಮವಾಗಿಲ್ಲ.

ಕೊನೆಯದು ‘ಡರ್ಟಿ ಓಲ್ಡ್ ಟೌನ್’. ಇವಾನ್ ಮೆಕಾಲ್ 1949ರಲ್ಲಿ ತನ್ನ ಊರು ಸಾಲ್ಫರ್ಡಿನ ಮೇಲೆ ಬರೆದದ್ದು. ಕಾರ್ಖಾನೆ, ಕಾಲುವೆ, ಹೊಗೆ, ಅದರ ನಡುವೆ ಒಂದಿಷ್ಟು ಪ್ರೀತಿ. ಬರೆದ ಕಾರಣ ಕೇಳಿದರೆ ನಗು ಬರುತ್ತದೆ. ನಾಟಕವೊಂದರಲ್ಲಿ ರಂಗಸಜ್ಜಿಕೆ ಬದಲಾಯಿಸಲು ಹೊತ್ತು ಹಿಡಿಯುತ್ತಿತ್ತು, ಆ ಖಾಲಿ ಹೊತ್ತು ತುಂಬಲು ಒಂದು ಹಾಡು ಬೇಕಿತ್ತು. ನಾಟಕ ಎಲ್ಲಿ ಹೋಯಿತೋ, ಮೇಜು ಎಳೆಯುವ ಸದ್ದು ಮುಚ್ಚಲು ಹುಟ್ಟಿದ ಹಾಡು ಉಳಿದುಕೊಂಡಿತು. ಮೊಮ್ಮಕ್ಕಳು ಅಜ್ಜ ಬರೆಸಿದ ಆಸ್ತಿಪತ್ರ ಮರೆತು, ಅವನ ನಶ್ಯದ ಡಬ್ಬಿಯನ್ನು ಜೋಪಾನ ಮಾಡುವುದಿಲ್ಲವೇ?

ಸ್ವಂತ ಹಾಡುಗಳ ಬಗ್ಗೆ ಇವನೇಕೆ ತುಟಿ ಬಿಚ್ಚುತ್ತಿಲ್ಲ ಅಂದುಕೊಂಡಿರಬಹುದು. ಅವು ಕೆಟ್ಟದಾಗಿಲ್ಲ. ಒಂದರಲ್ಲಿ ಕೀತ್ ಎಮರ್ಸನ್ ಎಂಬ ಗಟ್ಟಿಗ ಆರ್ಗನ್ ನುಡಿಸಿದ್ದಾನೆ. ಆದರೆ ನನ್ನ ಕಿವಿಗೆ ಅವುಗಳಲ್ಲಿ ಬೇರೆಯವರ ಗಾಳಿ ಹೆಚ್ಚು ಬೀಸುತ್ತದೆ. ಅಲ್ಲಿಯವರೆಗೆ ಸ್ಟೀವರ್ಟ್ ಹಾಡುತ್ತಿದ್ದದ್ದು ಜೆಫ್ ಬೆಕ್ ಎಂಬ ಗಿಟಾರ್ ಮಾಂತ್ರಿಕನ ತಂಡದಲ್ಲಿ. ಆ ಭಾರದ ಗಿಟಾರು, ಆ ಬ್ಲೂಸ್ ಧಾಟಿ ಸ್ವಂತ ಹಾಡಿನೊಳಗೆಲ್ಲ ಓಡಾಡಿಕೊಂಡಿದೆ. ಎರವಲು ಹಾಡಿಗೆ ಬಂದಾಗ ಮಾತ್ರ ಅವನ ದನಿ ನೆಟ್ಟಗೆ ಎದುರಿಗೆ ನಿಲ್ಲುತ್ತದೆ. ನನ್ನ ಅನುಭವವೂ ಅದೇ. ಸ್ವಂತ ಭಾಷಣ ಬರೆದುಕೊಂಡು ಹೋದರೆ ಅದರಲ್ಲಿರುವುದೆಲ್ಲ ಪೇಪರಿನಲ್ಲಿ ಓದಿದ್ದು. ಅಜ್ಜನ ಗಾದೆಯೊಂದನ್ನು ಹೇಳುವಾಗಲೇ ನಾನು ನಾನಾಗಿರುತ್ತೇನೆ.

ಗಂಟಲಿನ ವಿಷಯ ಅರ್ಧಕ್ಕೆ ಬಿಟ್ಟೆ. ಈ ಜನಕ್ಕೆ ಕೆಟ್ಟ ಗಂಟಲು ಶಾಪವಲ್ಲ, ಬಂಡವಾಳ. ಬೀಟಲ್ಸ್ ತಂಡ 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ತನ್ನ ಮೊದಲ ಆಲ್ಬಮ್ಮಿಗೆ ಹತ್ತು ಹಾಡು ಮುಗಿಸಿತು. ಜಾನ್ ಲೆನನ್ನಿಗೆ ಶೀತ. ಗಂಟಲು ಹರಿಯುವಂಥ ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ರಾತ್ರಿಯ ಕೊನೆಗೆ ಉಳಿಸಿಕೊಂಡು, ಒಂದೇ ಏಟಿಗೆ ಕೂಗಿ ಮುಗಿಸಿದ. ಅದೂ ಎರವಲು ಹಾಡೇ. ನಮ್ಮಲ್ಲಾಗಿದ್ದರೆ ಯಾರಾದರೂ ಅಡ್ಡಬಂದು ಜ್ಯೇಷ್ಠಮಧು ಬಾಯಿಗಿಟ್ಟು ಚರಿತ್ರೆಯನ್ನೇ ತಪ್ಪಿಸಿಬಿಡುತ್ತಿದ್ದರು.

ಇಷ್ಟು ಗಂಟಲಿದ್ದ ಸ್ಟೀವರ್ಟನಿಗೆ ಧೈರ್ಯವಾದರೂ ಇತ್ತೇ? 1968ರಲ್ಲಿ ಬೆಕ್ ತಂಡ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟಿನಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ, ಜನಸಾಗರ ಕಂಡು ಅವನ ಕೈಕಾಲು ತಣ್ಣಗಾಯಿತು. ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಹಿಂದೆ ಅವಿತುಕೊಂಡು ಹಾಡು ಶುರುಮಾಡಿದ. ಇದನ್ನು ಓದಿದ ದಿನ ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಆರನೇ ಕ್ಲಾಸಿನಲ್ಲಿ ರಾಜ್ಯೋತ್ಸವಕ್ಕೆ ಪ್ರಾರ್ಥನೆ ಹಾಡಲು ನನ್ನನ್ನು ನಿಲ್ಲಿಸಿದ್ದರು. ನಾನೂ ಜನ ಕಂಡು ಹೆದರಿ ಪರದೆಯ ಹಿಂದೆ ಅವಿತುಕೊಂಡೆ. ಅದು ಮೇಲಕ್ಕೇಳುವ ಪರದೆ ಎಂಬುದು ಹೊಳೆದಿರಲಿಲ್ಲ. ಎದ್ದಿತು. ಕಣ್ಣು ಮುಚ್ಚಿ ಕಿವಿ ಹಿಡಿದು ಕೂತ ನನ್ನನ್ನು ನೋಡಿ ಸಭಿಕರು ಇದು ನಾಟಕವೆಂದು ಚಪ್ಪಾಳೆ ತಟ್ಟಿದರು. ನನ್ನ ಸಂಗೀತ ಜೀವನದ ಆರಂಭ, ಅಂತ್ಯ ಎರಡೂ ಅದೇ.

ಅವನ ಆರಂಭ ರೈಲಿನಿಂದಾದದ್ದು. ಹುಡುಗನಾಗಿದ್ದಾಗ ಆಟಿಕೆ ರೈಲಿನ ಹುಚ್ಚು. ಹುಟ್ಟುಹಬ್ಬಕ್ಕೆ ತನ್ನ ರೈಲಿಗೊಂದು ಪುಟ್ಟ ಸ್ಟೇಷನ್ ಬೇಕೆಂದು ಆಸೆಪಟ್ಟರೆ ಅಪ್ಪ ಗಿಟಾರು ತಂದುಕೊಟ್ಟ. ಅಪ್ಪಂದಿರು ಎಲ್ಲ ದೇಶದಲ್ಲೂ ಒಂದೇ, ಕೇಳಿದ್ದು ತರುವುದಿಲ್ಲ. ಆದರೆ ಸ್ಟೇಷನ್ ಸಿಗದೇ ಹೋಗಲಿಲ್ಲ. 1964ರ ಜನವರಿಯ ಒಂದು ರಾತ್ರಿ ಟ್ವಿಕನ್‌ಹ್ಯಾಮ್ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಕೂತು, ಅಮೆರಿಕದ ಹೌಲಿನ್ ವುಲ್ಫ್‌ನ ಹಾಡೊಂದನ್ನು ಮೌತ್ ಆರ್ಗನ್ನಿನಲ್ಲಿ ಊದುತ್ತಿದ್ದ. ಅದೇ ರೈಲಿಗೆ ಕಾಯುತ್ತಿದ್ದ ಆರೂವರೆ ಅಡಿಯ ಗಾಯಕ ಲಾಂಗ್ ಜಾನ್ ಬಾಲ್‌ಡ್ರಿ ಕಿವಿಗೊಟ್ಟು, ನಮ್ಮ ತಂಡಕ್ಕೆ ಬಾ ಎಂದು ಕರೆದ. ರೈಲಿಗೆ ಕಾದು ಒಬ್ಬರಿಗಾದರೂ ಒಳ್ಳೆಯದಾದ ಉದಾಹರಣೆ ನನಗೆ ಗೊತ್ತಿರುವಂತೆ ಇದೊಂದೇ. ಮುಂದೆ, ಬಹುವಚನದ ಕಾಲದಲ್ಲಿ, ಅಂದರೆ 2019ರಲ್ಲಿ, ಸ್ಟೀವರ್ಟರು ಎರಡು ದಶಕಕ್ಕೂ ಹೆಚ್ಚು ಕಾಲ ತಾವೇ ಕೈಯಾರೆ ಕಟ್ಟಿದ ದೊಡ್ಡ ಆಟಿಕೆ ರೈಲಿನ ನಗರವನ್ನು ಜಗತ್ತಿಗೆ ತೋರಿಸಿದರು. ಅದರೊಳಗೆ ಸ್ಟೇಷನ್ ಇಲ್ಲದೇ ಇರುತ್ತದೆಯೇ?

ಮೊದಲ ಆಲ್ಬಮ್ಮಿನ ಹುಡುಗನಿಗೆ ಯಶಸ್ಸು ಬಂದದ್ದು ಮೂರನೆಯದರಲ್ಲಿ, 1971ರಲ್ಲಿ. ಅಲ್ಲೂ ಎರವಲು ಹಾಡನ್ನೇ ಮುಂದಿಟ್ಟರು. ಟಿಮ್ ಹಾರ್ಡಿನ್ ಕಟ್ಟಿದ ‘ರೀಸನ್ ಟು ಬಿಲೀವ್’ ಸಿಂಗಲ್ ತಟ್ಟೆಯ ಮೇಲ್ಬದಿ. ಸ್ವಂತದ್ದು, ಮೊದಲ ಆಲ್ಬಮ್ಮಿನಲ್ಲೂ ಗಿಟಾರ್ ನುಡಿಸಿದ್ದ ಮಾರ್ಟಿನ್ ಕ್ವಿಟೆಂಟನ್ ಜೊತೆ ಸೇರಿ ಬರೆದ ‘ಮ್ಯಾಗಿ ಮೇ’, ಕೆಳಬದಿಯಲ್ಲಿ ಕತ್ತಲಲ್ಲಿ ಮಲಗಿತ್ತು. ರೇಡಿಯೋದವರು ತಟ್ಟೆ ಮಗುಚಿದರು. ಅಕ್ಟೋಬರಿನಲ್ಲಿ ಆ ಹಾಡೂ ಆಲ್ಬಮ್ಮೂ ಬ್ರಿಟನ್, ಅಮೆರಿಕ ಎರಡರಲ್ಲೂ ಒಟ್ಟಿಗೇ ಮೊದಲ ಸ್ಥಾನದಲ್ಲಿ ಕೂತವು. ನೀರುದೋಸೆಯ ಜೊತೆ ನೆಂಚಿಕೊಳ್ಳಲಿ ಎಂದು ಮಾಡಿದ ಚಟ್ನಿಯನ್ನೇ ನೆಂಟರು ಹಾಡಿಹೊಗಳಿದ ಹಾಗಾಯಿತು. ಆ ಹಾಡಿನ ಕೊನೆಗೆ ಮ್ಯಾಂಡೊಲಿನ್ ನುಡಿಸಿದವನು ಲಿಂಡಿಸ್ಫಾರ್ನ್ ತಂಡದ ರೇ ಜಾಕ್ಸನ್. ಕವರಿನ ಮೇಲೆ ಅವನ ಹೆಸರೇ ಇಲ್ಲ. ಲಿಂಡಿಸ್ಫಾರ್ನಿನ ಮ್ಯಾಂಡೊಲಿನ್‌ನವನು ನುಡಿಸಿದ, ಹೆಸರು ನೆನಪಾಗುತ್ತಿಲ್ಲ ಎಂಬರ್ಥದಲ್ಲಿ ಅಚ್ಚು ಹಾಕಿಸಿಬಿಟ್ಟರು! ಅಂಕಿತವಿಲ್ಲದ ಊರಿನ ಕಷ್ಟ ನೋಡಿ.

ಎಲ್ಲಿಂದ ಎಲ್ಲಿಗೆ ಬಂದೆ. ತೂತಿನ ಮಾತಾಡುತ್ತಿದ್ದೆವು, ಅಲ್ಲವೇ? ಅದನ್ನು ಕೊನೆಗೆ ಸೈಕಲ್ ಪಂಕ್ಚರ್ ಹಾಕುವವನಿಗೆ ತೋರಿಸಿದೆ. ಅವನು ಕೆಂಪು ಟ್ಯೂಬಿನ ತುಂಡೊಂದನ್ನು ಕತ್ತರಿಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಸುತ್ತಿಗೆಯಿಂದ ನಾಲ್ಕು ಬಡಿದು ಕೊಟ್ಟ. ಬೂದುಬಣ್ಣದ ಕೋಟಿನ ಹಿಂದೆ ಚಕ್ಕುಲಿಯಷ್ಟಗಲದ ಕೆಂಪು ತೇಪೆ. ನೀರು ನಿಂತಿತು. ನೋಡುವವರ ನಗು ನಿಲ್ಲಲಿಲ್ಲ.

ಶ್ರಾವಣದಲ್ಲಿ ಭಾವ ಬಂದರು. ಜಡಿಮಳೆ. ಸಂಜೆ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತೇನೆಂದು ಬಾಗಿಲ ಹಿಂದಿನ ಕೋಟು ತೊಟ್ಟು ಹೊರಟರು. ಸುಮ್ಮನೆ ಸುತ್ತುವುದೆಂದರೆ ಏನೆಂದು ನನಗೆ ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ತಿರುಗಿ ಬಂದವರು ಕೋಟು ಕೊಡವಿ ನನ್ನ ಕೈಗಿಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು.

“ತಗೋ ಮಾರಾಯ ನಿನ್ನ ಕೋಟು. ಅಂಗಡಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಆ ತೇಪೆ ನೋಡಿ ಅವ ಕೂಗಿ ಕರೆದ. ಕಡ್ಲೆಮಿಠಾಯಿ ಬಾಕಿ ತೊಂಬತ್ತೆರಡು ರೂಪಾಯಿಯಂತೆ. ಕೊಟ್ಟಿದ್ದೇನೆ. ನಿನಗೆ ಡಾಕ್ಟ್ರು ಸಕ್ಕರೆ ಬೆಲ್ಲ ಮುಟ್ಟಬೇಡ ಅಂದು ಎಷ್ಟು ವರ್ಷ ಆಯ್ತೋ?”

“ಆರು, ಭಾವ” ಅಂದೆ. ದನಿ ಹೊರಡಲಿಲ್ಲ, ಬರೀ ಗಾಳಿ ಹೊರಟಿತು.

ಒಳಗಿನಿಂದ ಹೆಂಡತಿ ಕೇಳಿದಳು: “ಯಾರ್ರೀ ಅದು, ನಿಮ್ಮ ರಾಡ್ ಸ್ಟೀವರ್ಟಾ? ಕಷಾಯ ಇಡ್ಲಾ?”